ತೋಟದ ಕೂಲಿ ಮತ್ತು ಹೊಸ ಕಾರ್ಮಿಕ ಕಾನೂನುಗಳು: ಸಣ್ಣ ಬೆಳೆಗಾರರಿಗೆ ಒಂದು ಪಾಠ



ಕಾರ್ಮಿಕ ಕಾನೂನಿನ ಮಾತೆತ್ತಿದರೆ ನಮ್ಮಲ್ಲಿ ಅನೇಕರು, “ಅದು ಕಾರಖಾನೆಯವರಿಗೆ, ಇಲ್ಲವೆ ಕೊಡಗು-ಚಿಕ್ಕಮಗಳೂರಿನ ದೊಡ್ಡ ಎಸ್ಟೇಟಿನವರಿಗೆ. ಎಕರೆ ಎರಡೆಕರೆ ಅಡಿಕೆ ತೋಟದ ನಮಗೆ ಅದರ ಗೊಡವೆ ಏಕೆ?” ಎಂದು ಕೇಳುತ್ತಾರೆ. ಈ ಮಾತು ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ಬಿಡಿಸಿ ಹೇಳುವುದೇ ಈ ಪಾಠದ ಉದ್ದೇಶ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ನಮ್ಮಂಥ ಬೆಳೆಗಾರರು ವರ್ಷಪೂರ್ತಿ ಆಳು ಇಟ್ಟುಕೊಳ್ಳುವವರಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆಮದ್ದು ಹೊಡೆಯಲು ಇಬ್ಬರು, ಕೊಯ್ಲಿಗೆ ಕೊನೆಗೌಡನೂ ಅವನ ಜೊತೆಯವರೂ, ಸುಲಿಯಲು ನಾಲ್ಕಾರು ಹೆಂಗಸರು, ಸೊಪ್ಪು ಗೊಬ್ಬರಕ್ಕೆ ಎಂಟು ದಿನ ಮೂವರು. ನಮ್ಮ ಲೆಕ್ಕ ಇಷ್ಟೇ. ಆದರೆ ಈ ಎಂಟು ಹತ್ತು ಜನರೂ ಕಾನೂನಿನ ಕಣ್ಣಿನಲ್ಲಿ ನೌಕರರು. ಅವರಿಗೆ ಕೂಲಿ ಕೊಡುವ ದಿನದಂದು ನಾವು ಮಾಲೀಕರು.

1. ಬದಲಾದದ್ದೇನು?

ನಮ್ಮ ದೇಶದ ಕಾರ್ಮಿಕ ಕಾನೂನುಗಳು ಒಂದೇ ದಿನ ಹುಟ್ಟಿದವಲ್ಲ. ಅಪಘಾತ ಪರಿಹಾರದ ಕಾನೂನು 1923ರದು, ಕೂಲಿ ಪಾವತಿಯದು 1936ರದು, ಕನಿಷ್ಠ ಕೂಲಿಯದು 1948ರದು, ತೋಟ ಕಾರ್ಮಿಕರದು 1951ರದು, ಗಂಡು-ಹೆಣ್ಣಿಗೆ ಸಮಾನ ವೇತನದ್ದು 1976ರದು. ಹೀಗೆ ಬೇರೆ ಬೇರೆ ಕಾಲದಲ್ಲಿ ಆದ 29 ಕೇಂದ್ರ ಕಾನೂನುಗಳನ್ನು ಒಟ್ಟುಗೂಡಿಸಿ ಸಂಸತ್ತು ನಾಲ್ಕು ಸಂಹಿತೆಗಳನ್ನು ಮಾಡಿತು. 2019ರಲ್ಲಿ ವೇತನ ಸಂಹಿತೆ. 2020ರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಮತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆ. ಕೆಲವು ವರ್ಷ ಕಾಗದದಲ್ಲಿಯೇ ಇದ್ದ ಈ ನಾಲ್ಕನ್ನೂ 2025ರ ನವೆಂಬರ್ 21ರಿಂದ ಜಾರಿಗೆ ತರಲಾಯಿತು.

ಹೊಸದು ಬಂದಿತೆಂದ ಮಾತ್ರಕ್ಕೆ ಹಳೆಯ ದರಪಟ್ಟಿ, ಆದೇಶಗಳೆಲ್ಲ ಬಿದ್ದುಹೋದವೆಂದು ಭಾವಿಸಬಾರದು. ಹಳೆಯ ಕಾನೂನಿನ ಕೆಳಗೆ ಹೊರಟ ಅಧಿಸೂಚನೆಗಳು, ಹೊಸ ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ, ಮುಂದುವರಿಯುತ್ತವೆ ಎಂದು ಸಂಹಿತೆಯಲ್ಲಿಯೇ ಹೇಳಿದೆ. ಬಾಲ ಕಾರ್ಮಿಕರ 1986ರ ಕಾನೂನು, ಜೀತ ನಿರ್ಮೂಲನದ 1976ರ ಕಾನೂನು ಇವೆರಡೂ ಸಂಹಿತೆಗಳಲ್ಲಿ ಸೇರಿಲ್ಲ. ಅವು ಬೇರೆಯಾಗಿಯೇ ಇವೆ.

ಸದಸ್ಯರು ಎಲ್ಲ ಕಲಮುಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. ನಮ್ಮ ಅಳತೆಯ ತೋಟಕ್ಕೆ ಮುಟ್ಟುವ ಸಂಗತಿಗಳು ಬೆರಳೆಣಿಕೆಯಷ್ಟು. ಅವನ್ನು ಒಂದೊಂದಾಗಿ ನೋಡೋಣ.

2. ತಲೆ ಎಣಿಕೆ, ಎಕರೆ ಎಣಿಕೆ

ಯಾವ ಕಾನೂನು ಯಾರಿಗೆ ಎಂಬುದು ಎರಡು ಸಂಖ್ಯೆಗಳ ಮೇಲೆ ನಿಂತಿದೆ: ಎಷ್ಟು ಜನರ ಕೆಲಸ, ಎಷ್ಟು ಭೂಮಿ.

1951ರ ತೋಟ ಕಾರ್ಮಿಕರ ಕಾನೂನು ಮೊದಲಿಗೆ 25 ಎಕರೆ ಮತ್ತು 30 ಜನ ಎಂಬ ಮಿತಿ ಇಟ್ಟಿತ್ತು. 1981ರ ತಿದ್ದುಪಡಿಯಿಂದ ಅದು 5 ಹೆಕ್ಟೇರ್ ಮತ್ತು 15 ಜನಕ್ಕೆ ಇಳಿಯಿತು. ಈಗಿನ ಸುರಕ್ಷತಾ ಸಂಹಿತೆಯಲ್ಲಿ ತೋಟ ಎಂದರೆ ಚಹ, ಕಾಫಿ, ರಬ್ಬರ್, ಸಿಂಕೋನಾ ಅಥವಾ ಏಲಕ್ಕಿ ಬೆಳೆಯುವ 5 ಹೆಕ್ಟೇರ್ ಅಥವಾ ಮೇಲ್ಪಟ್ಟ ಭೂಮಿ. ಅಲ್ಲಿ 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಸಂಹಿತೆ ಅನ್ವಯಿಸುತ್ತದೆ. 5 ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡೂವರೆ ಎಕರೆ. ಈ ಪಟ್ಟಿಯಲ್ಲಿ ಕಾಫಿಯ ಹೆಸರು ಇದೆ, ಅಡಿಕೆಯ ಹೆಸರು ಇಲ್ಲ. ಬೇರೆ ಬೆಳೆಗಳನ್ನು ಸೇರಿಸಬೇಕಾದರೆ ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಬೇಕು.

ಆದ್ದರಿಂದ ಮನೆ ಕಟ್ಟಿಸಿಕೊಡುವುದು, ಕೂಸುಗಳ ಕೊಠಡಿ, ಕ್ಯಾಂಟೀನು ಮುಂತಾದ ಎಸ್ಟೇಟಿನ ಬಾಧ್ಯತೆಗಳು ನಮ್ಮ ಬಹುಪಾಲು ಸದಸ್ಯರಿಗೆ ಬರುವುದಿಲ್ಲ. “ನಮಗೇಕೆ” ಎಂಬ ಮಾತಿನಲ್ಲಿ ಸರಿಯಾದ ಅರ್ಧ ಇದು. ಅಡಿಕೆಯ ನಡುವೆ ಕಾಫಿ ಇಟ್ಟು ತೋಟ ದೊಡ್ಡದು ಮಾಡಿಕೊಂಡ ಕೆಲವರು ಮಾತ್ರ ತಮ್ಮ ಪಹಣಿಯ ಕ್ಷೇತ್ರವನ್ನೂ ಆಳುಗಳ ಸಂಖ್ಯೆಯನ್ನೂ ನೋಡಿಕೊಂಡು ಸಂಘದ ಕಛೇರಿಯಲ್ಲಿ ವಿಚಾರಿಸಬೇಕು.

ಇನ್ನು ತಪ್ಪಾದ ಅರ್ಧ. ವೇತನ ಸಂಹಿತೆಗೆ ಎಕರೆಯ ಮಿತಿ ಇಲ್ಲ. 1948ರ ಕಾನೂನಿನಲ್ಲಿ ಅನುಸೂಚಿಗೆ ಸೇರಿದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ಕೂಲಿ ಇತ್ತು. ಕೃಷಿ ಆಗಲೂ ಆ ಅನುಸೂಚಿಯಲ್ಲಿತ್ತು. ಈಗ ಅನುಸೂಚಿಯೇ ಇಲ್ಲ, ಎಲ್ಲ ಉದ್ಯೋಗಕ್ಕೂ ಕನಿಷ್ಠ ಕೂಲಿ ಉಂಟು. ಒಬ್ಬನೇ ಒಬ್ಬ ಆಳಿಗೆ ಒಂದೇ ದಿನ ಕೆಲಸ ಕೊಟ್ಟರೂ ಅದು ಅನ್ವಯಿಸುತ್ತದೆ.

ಸಣ್ಣವರಿಗೆ ಒಂದು ರಿಯಾಯತಿ ಉಂಟು. ಕೃಷಿ ಕೆಲಸಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದ ಮಾಲೀಕನು ರಿಜಿಸ್ಟರು, ಹಾಜರಿಪಟ್ಟಿ, ಕೂಲಿ ಚೀಟಿಗಳನ್ನು ಸಂಹಿತೆಯ ಪ್ರಕಾರ ಇಡಬೇಕಾಗಿಲ್ಲ. ಆದರೆ ಇದನ್ನು ಅರ್ಧಕ್ಕೆ ಓದಿ ನಿಲ್ಲಿಸಬಾರದು. ಅದೇ ಕಲಮಿನ ಕೊನೆಯಲ್ಲಿ, ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ರುಜುವಾತು ತೋರಿಸಬೇಕು ಎಂದಿದೆ. ಅಂದರೆ ನಮೂನೆಯಿಂದ ವಿನಾಯಿತಿ. ರುಜುವಾತಿನಿಂದ ವಿನಾಯಿತಿ ಇಲ್ಲ.

3. ಕೂಲಿ: ಎಷ್ಟು, ಯಾವಾಗ, ಯಾರಿಗೆ?

ಎಷ್ಟು? ಕೊನೆಗೌಡನ ಕೂಲಿ, ಮದ್ದು ಹೊಡೆಯುವವನ ಕೂಲಿ ಸರಕಾರದ ದರಕ್ಕಿಂತ ಎಷ್ಟೋ ಮೇಲಿದೆ. ಅಲ್ಲಿ ಚಿಂತೆ ಇಲ್ಲ. ಚಿಂತೆ ಇರುವುದು ಸುಲಿಯುವ, ಸೊಪ್ಪು ಹೊರುವ, ಕಳೆ ತೆಗೆಯುವ ಹೆಂಗಸರ ಕೂಲಿಯಲ್ಲಿ. ಕರ್ನಾಟಕದಲ್ಲಿ ತುಟ್ಟಿಭತ್ಯೆಯ ಲೆಕ್ಕದಿಂದ ದರವು ಏಪ್ರಿಲ್ 1ಕ್ಕೆ ಬದಲಾಗುತ್ತ ಬಂದಿದೆ. ಪ್ರತಿ ವರ್ಷ ಯುಗಾದಿಯ ಸುಮಾರಿಗೆ ಹೊಸ ದರ ತಿಳಿದುಕೊಂಡು ನಮ್ಮ ಕೂಲಿಯೊಡನೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಕಿಲೋ ಲೆಕ್ಕದಲ್ಲಿ ಸುಲಿಸುವವರು ಇನ್ನೊಂದು ಲೆಕ್ಕ ಹಾಕಬೇಕು: ಸಾಧಾರಣ ಕೈಯ ಹೆಂಗಸು ಇಡೀ ದಿನ ಸುಲಿದರೆ ಕೈಗೆ ಬರುವ ಹಣ ದಿನದ ಕನಿಷ್ಠ ಕೂಲಿಯನ್ನು ಮುಟ್ಟುತ್ತದೆಯೇ? ಮುಟ್ಟದಿದ್ದರೆ ಕಿಲೋದ ದರ ಏರಿಸಬೇಕು.

ಗಂಡಿಗೊಂದು, ಹೆಣ್ಣಿಗೊಂದು? ಒಂದೇ ಕೆಲಸಕ್ಕೆ, ಅಥವಾ ಒಂದೇ ತೆರನಾದ ಕೆಲಸಕ್ಕೆ, ಗಂಡು-ಹೆಣ್ಣೆಂದು ಕೂಲಿಯಲ್ಲಿ ಭೇದ ಮಾಡಕೂಡದು. ಇದು 1976ರಿಂದಲೂ ಇರುವ ನಿಯಮ. ಮರ ಹತ್ತುವವನಿಗೂ ಕೆಳಗೆ ಹೆಕ್ಕುವವಳಿಗೂ ಕೂಲಿ ಬೇರೆ ಇರಬಹುದು, ಏಕೆಂದರೆ ಕೆಲಸ ಬೇರೆ. ಆದರೆ ಗೊಬ್ಬರ ಹೊರುವ ಸಾಲಿನಲ್ಲಿ ಇಬ್ಬರು ಗಂಡಸರು ಇಬ್ಬರು ಹೆಂಗಸರು ಅದೇ ಬುಟ್ಟಿಯನ್ನು ಅದೇ ದೂರಕ್ಕೆ ಹೊತ್ತು, ಸಂಜೆ ಬೇರೆ ಬೇರೆ ನೋಟು ಎಣಿಸಿಕೊಳ್ಳುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. “ಮೊದಲಿನಿಂದ ಹಾಗೇ ನಡೆದುಬಂದಿದೆ” ಎಂಬುದು ಕಾನೂನಿನ ಮುಂದೆ ಉತ್ತರವಲ್ಲ. ಮನಸ್ಸಾಕ್ಷಿಯ ಮುಂದೆಯೂ ಅಲ್ಲ.

ಯಾವಾಗ? ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದಾಗ. ವಾರದ ಲೆಕ್ಕವಾದರೆ ವಾರದ ರಜೆಗೆ ಹಿಂದಿನ ಕೆಲಸದ ದಿನ. ತಿಂಗಳ ಲೆಕ್ಕವಾದರೆ ಮುಂದಿನ ತಿಂಗಳ 7ನೆಯ ತಾರೀಖಿನ ಒಳಗೆ. ಕೆಲಸ ಬಿಟ್ಟವನಿಗೆ ಅಥವಾ ಬಿಡಿಸಿದವನಿಗೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕು. “ಅಡಿಕೆ ಮಾರಿದ ಮೇಲೆ ಕೊಡುತ್ತೇನೆ” ಎಂಬ ವಾಯಿದೆ ಹೊಸ ಕಾನೂನಿನಲ್ಲಿಯೂ ಇಲ್ಲ, ಹಳೆಯದರಲ್ಲಿಯೂ ಇರಲಿಲ್ಲ. ನಗದಾಗಿ, ಚೆಕ್ಕಿನಿಂದ, ಬ್ಯಾಂಕ್ ಖಾತೆಗೆ ಅಥವಾ ಫೋನಿನ ಮೂಲಕ ಕೊಡಬಹುದು. ಫೋನಿನಿಂದ ಕೊಟ್ಟದ್ದು ತಾನೇ ಒಂದು ರುಜುವಾತು.

ಮುರಿದುಕೊಳ್ಳುವುದು: ಮುಂಗಡ ಇತ್ಯಾದಿ ಎಲ್ಲ ಸೇರಿ ಕೂಲಿಯ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ.

ಕಾರ್ಮಿಕನು ಬಾಕಿ ಕೂಲಿಗಾಗಿ ಮೂರು ವರ್ಷದೊಳಗೆ ದೂರು ಕೊಡಬಹುದು. ಇಲ್ಲಿ ಸದಸ್ಯರು ಮುಖ್ಯವಾಗಿ ಗಮನಿಸತಕ್ಕ ಸಂಗತಿ ಒಂದಿದೆ. ಕೂಲಿ ಬಂದಿಲ್ಲವೆಂದು ಸಾಧಿಸುವ ಹೊಣೆ ಆಳಿನದಲ್ಲ. ಕೊಟ್ಟಿದ್ದೇನೆಂದು ಸಾಧಿಸುವ ಹೊಣೆ ಮಾಲೀಕನದು. ಕಡಿಮೆ ಕೊಟ್ಟದ್ದು ಸಿದ್ಧವಾದರೆ ರೂ. 50,000ದ ವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಸೆರೆ, ಅಥವಾ ಒಂದು ಲಕ್ಷದ ವರೆಗೆ ದಂಡ, ಅಥವಾ ಎರಡೂ. ಸಂಹಿತೆಯ ಬೇರೆ ಕೆಲವು ತಪ್ಪುಗಳಿಗೆ, ಮೊದಲ ಬಾರಿಯಾದರೆ, ಖಟ್ಲೆ ಹೂಡುವ ಮುನ್ನ ಅಧಿಕಾರಿಯು ಲಿಖಿತ ಸೂಚನೆ ಕೊಟ್ಟು ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಹೊಸ ಸಂಹಿತೆಯಲ್ಲಿ ನಿರೀಕ್ಷಕರ ಹೆಸರಿಗೆ ‘ಅನುಕೂಲಕಾರ’ ಎಂಬುದೂ ಸೇರಿದೆ. ಅಂದರೆ ತಿಳಿವಳಿಕೆ ಕೊಡುವುದೂ ಅವರ ಕೆಲಸ. ಅವರನ್ನು ಕಂಡು ತೋಟದ ಹಿಂದಿನ ದಾರಿ ಹಿಡಿಯುವುದಕ್ಕಿಂತ, ಅವರ ಕಛೇರಿಗೆ ನಾವೇ ಹೋಗಿ ಕೇಳುವುದು ಲೇಸು.

4. ಮರದಿಂದ ಬಿದ್ದರೆ

ಇಡೀ ಪಾಠದಲ್ಲಿ ಅತಿ ಗಂಭೀರವಾದ ಭಾಗ ಇದು. ಅಡಿಕೆ ಮರದ ಎತ್ತರ ನಮಗೆಲ್ಲ ಗೊತ್ತು. ಕೊಳೆಮದ್ದಿನ ಹೊತ್ತು ಮಳೆ ಹಿಡಿಯುವ ಹೊತ್ತು. ಮೊದಲ ಮದ್ದು ಮುಂಗಾರಿಗೆ ಮುನ್ನವಾದರೆ ಎರಡನೆಯದು ನಲವತ್ತು ನಲವತ್ತೈದು ದಿನದ ಮೇಲೆ, ಹಾವಸೆ ಕಟ್ಟಿ ಜಾರುವ ಮರದ ಮೇಲೆ. ದೋಟಿ ಬಂದ ಮೇಲೆ ಹತ್ತುವುದು ತಪ್ಪಿದೆ, ಆದರೆ ಲೋಹದ ದೋಟಿ, ಲೋಹದ ಏಣಿ ತೋಟದ ಮೇಲೆ ಹಾಯ್ದ ವಿದ್ಯುತ್ ತಂತಿಗೆ ತಾಗಿದರೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ.

ಕೆಲಸದಲ್ಲಿ ಆದ ಅಪಘಾತಕ್ಕೆ ಮಾಲೀಕನು ಪರಿಹಾರ ಕೊಡಬೇಕೆಂಬ ತತ್ತ್ವ ಇಂಗ್ಲೆಂಡಿನಲ್ಲಿ 1897ರಲ್ಲಿ ಕಾನೂನಾಯಿತು. ಅದರ ಜಾಡಿನಲ್ಲಿ ನಮ್ಮಲ್ಲಿ 1923ರ ಕಾನೂನು ಬಂದು 1924ರ ಜುಲೈ 1ರಿಂದ ಜಾರಿಯಾಯಿತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯ. ನೂರು ವರ್ಷದಲ್ಲಿ ಮೊಬಲಗು ಬದಲಾಗಿದೆ, ತಿರುಳು ಬದಲಾಗಿಲ್ಲ. ಆ ತಿರುಳು ಏನೆಂದರೆ, ತಪ್ಪು ಯಾರದೆಂಬ ಪ್ರಶ್ನೆ ಇಲ್ಲ. ಕೆಲಸದ ಕಾರಣದಿಂದ, ಕೆಲಸದ ಸಮಯದಲ್ಲಿ ಆಯಿತೇ ಎಂಬುದಷ್ಟೇ ಪ್ರಶ್ನೆ. ತೋಟಗಳಲ್ಲಿ ಕೀಟನಾಶಕ, ಔಷಧಿ ಸಿಂಪಡಿಸುವವರ ಕೆಲಸ ಈ ಕಾನೂನಿನ ಪಟ್ಟಿಯಲ್ಲಿ ಹೆಸರು ಹೇಳಿಯೇ ಸೇರಿದೆ. “ಅವನು ಕುಡಿದಿದ್ದ”, “ಹೇಳಿದ ಮಾತು ಕೇಳಲಿಲ್ಲ” ಎಂಬ ವಾದಗಳು ಸಣ್ಣಪುಟ್ಟ ಗಾಯಕ್ಕೆ ನಡೆಯಬಹುದು. ಮರಣವಾದರೆ ಅಥವಾ ಜೀವಮಾನದ ಪೂರ್ಣ ಅಂಗವಿಕಲತೆ ಆದರೆ ಅವು ನಡೆಯುವುದಿಲ್ಲ.

ಮೊಬಲಗು ಎಷ್ಟೆಂದು ಒಂದು ಲೆಕ್ಕ ಮಾಡಿ ನೋಡೋಣ. ಮರಣವಾದರೆ ತಿಂಗಳ ಕೂಲಿಯ ಶೇಕಡಾ 50ನ್ನು ವಯಸ್ಸಿಗೆ ಗೊತ್ತುಮಾಡಿದ ಅಂಶದಿಂದ ಗುಣಿಸಬೇಕು. ಜೀವಮಾನದ ಪೂರ್ಣ ಅಂಗವಿಕಲತೆಗೆ ಶೇಕಡಾ 60. ಆ ಅಂಶ 30 ವರ್ಷದವರಿಗೆ 207.98, 40 ವರ್ಷದವರಿಗೆ 184.17, 50 ವರ್ಷದವರಿಗೆ 153.09. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು ಕೇಂದ್ರ ಸರಕಾರ ಗೊತ್ತುಮಾಡುತ್ತದೆ; 2020ರ ಜನವರಿ 3ರಿಂದ ಅದನ್ನು ರೂ. 8,000ದಿಂದ ರೂ. 15,000ಕ್ಕೆ ಏರಿಸಲಾಯಿತು. ಈ ಮಿತಿಯಲ್ಲಿ 40 ವರ್ಷದ ಕೊನೆಗೌಡನೊಬ್ಬ ಬಿದ್ದು ತೀರಿಕೊಂಡನೆಂದು ಇಟ್ಟುಕೊಂಡರೆ, 7,500ನ್ನು 184.17ರಿಂದ ಗುಣಿಸಿದಾಗ ರೂ. 13,81,275 ಆಗುತ್ತದೆ. ತಿಂಗಳಿಗೆ ರೂ. 9,000 ದುಡಿಯುವ 50 ವರ್ಷದ ಹೆಂಗಸೊಬ್ಬಳು ಏಳಲಾರದಂತಾದರೆ, 5,400ನ್ನು 153.09ರಿಂದ ಗುಣಿಸಿ ರೂ. 8,26,686. ತಡ ಮಾಡಿದರೆ ಬಡ್ಡಿ. ತಡಕ್ಕೆ ಸಕಾರಣ ಇಲ್ಲದಿದ್ದರೆ ಮೊಬಲಗಿನ ಅರ್ಧದ ವರೆಗೆ ದಂಡ ಬೇರೆ.

ಎಕರೆ ತೋಟದ ಸದಸ್ಯನಿಗೆ ಇದು ಎಷ್ಟು ವರ್ಷದ ಚಾಲಿಯ ಹಣವೆಂದು ಪ್ರತಿಯೊಬ್ಬರೂ ತಮ್ಮ ಖಾತೆ ಪುಸ್ತಕ ತೆರೆದು ನೋಡಬಹುದು. ಹಾಗೆಂದು ಈ ಕಾನೂನು ಅನ್ಯಾಯದ್ದೆಂದು ನಾವು ಹೇಳಲಾರೆವು. ಬಿದ್ದವನ ಮನೆಯಲ್ಲಿ ಉಳಿದವರಿಗೆ ಆ ಹಣ ಬಿಟ್ಟರೆ ಮತ್ತೊಂದು ಆಧಾರ ಇರುವುದಿಲ್ಲ. ಅವರೂ ಮುಳುಗದ, ನಾವೂ ಮುಳುಗದ ದಾರಿ ಒಂದೇ: ವಿಮೆ.

ಇಲ್ಲಿ ನಾಲ್ಕು ಮಾತು ನೆನಪಿಡತಕ್ಕದ್ದು.

ಒಂದು: ಮರಣದ ಪರಿಹಾರವನ್ನು ನೇರವಾಗಿ ಮನೆಯವರ ಕೈಗೆ ಕೊಟ್ಟರೆ ಕಾನೂನಿನ ಪ್ರಕಾರ ಅದು ಪಾವತಿಯಲ್ಲ. ಮೊಬಲಗನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ತಕ್ಷಣದ ಅಡಚಣೆಗೆಂದು ಅವಲಂಬಿತರಿಗೆ ಮೂರು ತಿಂಗಳ ಕೂಲಿಯಷ್ಟರ ವರೆಗೆ ಕೊಟ್ಟದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಊರ ಹಿರಿಯರ ಮುಂದೆ ಒಪ್ಪಂದ ಮಾಡಿ, ಛಾಪಾ ಕಾಗದದಲ್ಲಿ “ಇನ್ನು ಯಾವ ಹಕ್ಕೂ ಇಲ್ಲ” ಎಂದು ಬರೆಸಿಕೊಂಡರೂ ಆ ಬರಹ ನಿಲ್ಲುವುದಿಲ್ಲ.

ಎರಡು: ಕೊನೆಗೌಡನಿಗೆ ಇಡೀ ತೋಟದ ಕೊಯ್ಲನ್ನು ಗುತ್ತಿಗೆಗೆ ಕೊಟ್ಟು, ಅವನು ತನ್ನ ಆಳುಗಳನ್ನು ತಂದರೂ ನಮ್ಮ ಹೊಣೆ ತಪ್ಪುವುದಿಲ್ಲ. ಕೆಲಸ ನಮ್ಮದು, ತೋಟ ನಮ್ಮದು; ಗಾಯಗೊಂಡ ಆಳು ನಮ್ಮಿಂದಲೇ ಪರಿಹಾರ ಕೇಳಬಹುದು. ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಸೂಲು ಮಾಡುವ ಹಕ್ಕು ನಮಗಿದೆ, ವಸೂಲಾಗುವಷ್ಟು ಅವನಲ್ಲಿ ಇದ್ದರೆ. ಕೂಲಿಯ ವಿಷಯದಲ್ಲಿಯೂ ಹೀಗೆಯೇ: ಗುತ್ತಿಗೆದಾರ ಕೊಡದಿದ್ದರೆ ತೋಟದವನು ಕೊಡಬೇಕು. ಫಸಲನ್ನೇ ಮರದ ಮೇಲೆ ಮಾರುವವರು, ಕೊಳ್ಳುವ ವ್ಯಾಪಾರಿಯ ಆಳುಗಳಿಗೆ ವಿಮೆ ಇದೆಯೇ ಎಂದು ಕೇಳಿ, ಪಾಲಿಸಿಯ ನಕಲು ಪಡೆದ ಮೇಲೆಯೇ ತೋಟದ ತಡಮೆ ತೆಗೆಯುವುದು ಉತ್ತಮ.

ಮೂರು: ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಹಿಂತಿರುಗುವಾಗ ಆದ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಸಂಬಂಧ ಕಂಡುಬಂದರೆ, ಕೆಲಸದ ಅಪಘಾತವೆಂದೇ ಹೊಸ ಸಂಹಿತೆ ಎಣಿಸುತ್ತದೆ. ಇದು 1923ರ ಕಾನೂನಿನಲ್ಲಿ ಬರೆದಿರಲಿಲ್ಲ.

ನಾಲ್ಕು: ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ವರ್ಷಕ್ಕೆ ರೂ. 20ರ ಕಂತಿನಲ್ಲಿ ರೂ. 2 ಲಕ್ಷದ ಅಪಘಾತ ವಿಮೆ ಇದೆ. 2022ರ ಜೂನ್ 1ಕ್ಕೆ ಮೊದಲು ಕಂತು ರೂ. 12 ಇತ್ತು. ನಮ್ಮ ಆಳುಗಳಿಗೂ, ತೋಟದಲ್ಲಿ ತಾವೇ ದುಡಿಯುವ ನಮಗೂ ಇದು ಇರಲೇಬೇಕು. ಆದರೆ ಇದು ಆಳಿನ ಸ್ವಂತ ವಿಮೆ. ಇದರಿಂದ ಮಾಲೀಕನ ಹೊಣೆ ಒಂದು ಪೈಸೆಯೂ ಇಳಿಯುವುದಿಲ್ಲ. ನಮ್ಮ ಹೊಣೆಗೆ ಬೇಕಾದದ್ದು ‘ನೌಕರರ ಪರಿಹಾರ ಪಾಲಿಸಿ’. ಕೆಲಸದ ಬಗೆ, ಜನರ ಸಂಖ್ಯೆ, ವರ್ಷದ ಒಟ್ಟು ಕೂಲಿ ಇಷ್ಟನ್ನು ಹೇಳಿ ಸಾಮಾನ್ಯ ವಿಮಾ ಕಂಪನಿಗಳಿಂದ ಅದನ್ನು ಪಡೆಯಬಹುದು. ಪಡೆಯುವಾಗ ಮರ ಹತ್ತುವ ಕೆಲಸ, ಮದ್ದು ಹೊಡೆಯುವ ಕೆಲಸ ಎಂದು ಸ್ಪಷ್ಟವಾಗಿ ಬರೆಸಬೇಕು. ಕಂತು ಉಳಿಸಲು ಬರೀ ‘ತೋಟದ ಕೆಲಸ’ ಎಂದು ಬರೆಸಿದರೆ ಬೇಕಾದ ದಿನ ಪಾಲಿಸಿ ಕೈಕೊಟ್ಟೀತು.

5. ಮುಂಗಡ ಮತ್ತು ಮಕ್ಕಳು

ಮಗಳ ಮದುವೆ, ಮನೆಯ ಹೊದಿಕೆ, ಆಸ್ಪತ್ರೆ ಎಂದು ಆಳುಗಳು ಮುಂಗಡ ಕೇಳುವುದು, ನಾವು ಕೊಡುವುದು ಹಿಂದಿನಿಂದ ನಡೆದುಬಂದದ್ದು. ಕೊಡುವುದು ತಪ್ಪಲ್ಲ. ಆದರೆ “ಇದು ತೀರುವವರೆಗೆ ಬೇರೆಯವರ ತೋಟಕ್ಕೆ ಹೋಗಕೂಡದು” ಎಂಬ ಕಟ್ಟು ಹಾಕಿದ ಕ್ಷಣ ಅದು ಮುಂಗಡವಾಗಿ ಉಳಿಯುವುದಿಲ್ಲ, ಜೀತವಾಗುತ್ತದೆ. 1975ರ ಅಕ್ಟೋಬರ್ 25ರ ಸುಗ್ರೀವಾಜ್ಞೆಯಿಂದ ಜೀತಪದ್ಧತಿ ರದ್ದಾಯಿತು, ಮರುವರ್ಷ ಅದೇ ಕಾನೂನಾಯಿತು. ಜೀತದ ಸಾಲ ಕಾನೂನಿನಲ್ಲಿ ವಸೂಲಾಗುವುದಿಲ್ಲ. ಅಷ್ಟೇ ಅಲ್ಲ, ಜೀತಕ್ಕೆ ಕಟ್ಟಿಹಾಕಿದವನಿಗೆ ಮೂರು ವರ್ಷದ ವರೆಗೆ ಸೆರೆ. ಆದ್ದರಿಂದ ಮುಂಗಡವನ್ನು ಮುಂಗಡವೆಂದೇ ಬರೆದು, ಕಂತಿನಲ್ಲಿ ಮುರಿದುಕೊಂಡು, ಆಳು ಬೇರೆಡೆಗೆ ಹೋಗುತ್ತೇನೆಂದರೆ ತಡೆಯದೆ ಬಿಡಬೇಕು.

ಮಕ್ಕಳ ವಿಷಯದಲ್ಲಿ 2016ರ ತಿದ್ದುಪಡಿಯ ನಂತರ ನಿಯಮ ಬಿಗಿಯಾಗಿದೆ. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಆರು ತಿಂಗಳಿಂದ ಎರಡು ವರ್ಷದ ವರೆಗೆ ಸೆರೆ, ರೂ. 20,000ದಿಂದ ರೂ. 50,000ದ ವರೆಗೆ ದಂಡ, ಅಥವಾ ಎರಡೂ. ಸುಲಿಯಲು ಬರುವ ತಾಯಿಯ ಜೊತೆ ಬಂದ ಹುಡುಗಿ “ಸುಮ್ಮನೆ ಕೂತಿದ್ದಕ್ಕೆ” ಮೆಟ್ಟುಗತ್ತಿಯ ಮುಂದೆ ಕುಳಿತರೂ, ಆ ಅಡಿಕೆ ತೂಕಕ್ಕೆ ಬಂದರೆ ಅದು ಕೆಲಸವೇ. ನಮ್ಮ ಮನೆಯ ಮಕ್ಕಳು ಶಾಲೆ ಮುಗಿಸಿ ಬಂದು ಮನೆಯ ತೋಟದ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸುವುದಕ್ಕೆ ಅಡ್ಡಿ ಇಲ್ಲ.

6. ಒಂದು ನೋಟುಬುಕ್ಕು

ಇಷ್ಟೆಲ್ಲ ಓದಿದ ಮೇಲೆ, “ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು?” ಎಂದು ಸದಸ್ಯರು ಕೇಳುವುದು ಸಹಜ. ನಮ್ಮ ಉತ್ತರ: ಇನ್ನೂರು ಪುಟದ ಒಂದು ನೋಟುಬುಕ್ಕು ಕೊಳ್ಳಿ. ಅದರಲ್ಲಿ ಹೀಗೆ ಮನೆಗಳನ್ನು ಗೀರಿ:

(1) ತಾರೀಖು. (2) ಆಳಿನ ಹೆಸರು, ಊರು, ವಯಸ್ಸು. (3) ಯಾವ ಕೆಲಸ: ಕೊಯ್ಲು, ಮದ್ದು, ಸುಲಿಗೆ, ಸೊಪ್ಪು. (4) ಇಡೀ ದಿನವೇ, ಅರ್ಧ ದಿನವೇ. ಸುಲಿಗೆಯಾದರೆ ಎಷ್ಟು ಕಿಲೋ. (5) ದರ. (6) ಮುಂಗಡಕ್ಕೆ ಮುರಿದದ್ದು. (7) ಕೈಗೆ ಕೊಟ್ಟದ್ದು, ನಗದೋ ಫೋನೋ. (8) ಸಹಿ ಅಥವಾ ಹೆಬ್ಬೆಟ್ಟು.

ದಿನಕ್ಕೆ ಐದು ನಿಮಿಷದ ಕೆಲಸ. ಸಂಜೆ ಕೂಲಿ ಎಣಿಸುವಾಗಲೇ ಬರೆಯಬೇಕು; ಭಾನುವಾರ ಕೂತು ನೆನಪಿನಿಂದ ಬರೆದ ಪುಸ್ತಕವನ್ನು ಯಾವ ಅಧಿಕಾರಿಯೂ ಒಂದು ನೋಟದಲ್ಲಿ ಗುರುತಿಸುತ್ತಾನೆ. ಕೊನೆಯ ಪುಟದಲ್ಲಿ ಮುಂಗಡದ ಲೆಕ್ಕ, ರಟ್ಟಿನ ಒಳಗೆ ವಿಮೆ ಪಾಲಿಸಿಯ ನಂಬರು ಮತ್ತು ಮುಗಿಯುವ ತಾರೀಖು ಇರಲಿ. ದೂರಿನ ಅವಧಿ ಮೂರು ವರ್ಷವಾದ್ದರಿಂದ ಹಳೆಯ ಪುಸ್ತಕಗಳನ್ನು ಒಲೆಗೆ ಹಾಕದೆ ಕನಿಷ್ಠ ನಾಲ್ಕು ವರ್ಷ ಇಡಬೇಕು.

ಈ ಒಂದು ಪುಸ್ತಕ ಎಷ್ಟು ಕಡೆ ಕೆಲಸಕ್ಕೆ ಬರುತ್ತದೆ ನೋಡಿ. ಅಧಿಕಾರಿ ಕೇಳುವ ತಕ್ಕ ರುಜುವಾತು ಇದೇ. ಬಾಕಿ ಕೂಲಿಯ ದೂರು ಬಂದರೆ ನಮ್ಮ ಉತ್ತರ ಇದೇ. ವಿಮೆಯವರಿಗೆ ಹೇಳಬೇಕಾದ ವರ್ಷದ ಒಟ್ಟು ಕೂಲಿ ಇದರಿಂದಲೇ ಬರುತ್ತದೆ. ಅಪಘಾತವಾದಾಗ ಪರಿಹಾರಕ್ಕೆ ಹಿಡಿಯುವ ತಿಂಗಳ ಕೂಲಿ ಎಷ್ಟೆಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ. ಐದು ಜನರ ಮಿತಿ ದಾಟಿದೆವೇ, ಹತ್ತು ಮುಟ್ಟಿದೆವೇ ಎಂಬುದನ್ನೂ ಇದೇ ಹೇಳುತ್ತದೆ. ಮುಂದೆ ಕಾನೂನಿನ ಹೆಸರು, ಕಲಮಿನ ಅಂಕಿ, ದಂಡದ ಮೊಬಲಗು ಮತ್ತೆ ಬದಲಾಗಬಹುದು. ಯಾರು, ಎಂದು, ಎಷ್ಟು ಎಂಬ ಮೂರು ಪ್ರಶ್ನೆ ಬದಲಾಗುವುದಿಲ್ಲ.

ಕಾಗದದ ಬೆಲೆ ಏನೆಂದು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂದು, ಗೇಣಿದಾರರು ಏಳನೆಯ ನಂಬರ್ ಫಾರ್ಮು ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಕೊಟ್ಟ ಚೀಟಿ ಇದ್ದವನ, ಪಹಣಿಯಲ್ಲಿ ಹೆಸರಿದ್ದವನ ದಾರಿ ಸುಲಭವಾಯಿತು. ತಲೆಮಾರುಗಳಿಂದ ಉತ್ತಿದ್ದರೂ ಚೀಟಿಯೇ ಇಲ್ಲದವನು ಸಾಕ್ಷಿಗಳನ್ನು ಹುಡುಕಿ ಅಲೆದನು. ಇಂದು ನಮ್ಮ ಸಂಘದ ಸದಸ್ಯರಾಗಿರುವ ಎಷ್ಟೋ ಮನೆಗಳ ತೋಟ ಆ ಫಾರ್ಮಿನಿಂದ ಬಂದದ್ದು. ಅಂದು ದುಡಿಯುವವನ ಪರವಾಗಿ ಬಂದ ಕಾನೂನಿನಿಂದ ಮಾಲೀಕರಾದವರು, ಇಂದು ದುಡಿಯುವವನ ಪರವಾಗಿ ಬಂದ ಕಾನೂನನ್ನು ಕಿರುಕುಳ ಎನ್ನುವುದು ನಮಗೆ ಶೋಭಿಸುವುದಿಲ್ಲ. ಅಂದು ನಮ್ಮ ಹಿರಿಯರಿಗೆ ಚೀಟಿ ಬರೆದುಕೊಡದ ಒಡೆಯರಂತೆ ಇಂದು ನಾವು ಆಗಬಾರದು.

7. ಸಂಘ ಮಾಡಬಹುದಾದದ್ದು

ಒಬ್ಬೊಬ್ಬರೇ ಮಾಡಲಾರದ್ದನ್ನು ಕೂಡಿ ಮಾಡುವುದೇ ಸಹಕಾರ. ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡಬೇಕೆಂದಿದ್ದೇವೆ. ಮೊದಲನೆಯದು, ಮೇಲೆ ಕಾಣಿಸಿದ ನಮೂನೆಯ ಕೂಲಿ ಪುಸ್ತಕವನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಅಸಲು ಬೆಲೆಗೆ ಕೊಡುವುದು. ಎರಡನೆಯದು, ಪ್ರತಿ ಏಪ್ರಿಲಿನಲ್ಲಿ ಕನಿಷ್ಠ ಕೂಲಿಯ ದರಪಟ್ಟಿಯನ್ನು ತರಿಸಿ ಕಛೇರಿಯ ಫಲಕದಲ್ಲಿಯೂ ಈ ಪತ್ರಿಕೆಯಲ್ಲಿಯೂ ಪ್ರಕಟಿಸುವುದು. ಮೂರನೆಯದು, ಒಂದೇ ಕೊನೆಗೌಡ ಹತ್ತು ತೋಟಗಳಲ್ಲಿ ಕೊಯ್ಯುವ ಊರುಗಳಲ್ಲಿ ಆ ಹತ್ತೂ ಜನ ಸೇರಿ ಪರಿಹಾರ ಪಾಲಿಸಿ ಪಡೆಯುವ ವಿಷಯವನ್ನು ವಿಮಾ ಕಂಪನಿಗಳೊಡನೆ ಮಾತನಾಡುವುದು. ಜೊತೆಗೆ, 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ಇನ್ನೂ ಹೆಸರು ಬರೆಸದ ಆಳುಗಳಿದ್ದರೆ ಅವರನ್ನು ಕರೆತಂದು ಬರೆಸಲು ಸದಸ್ಯರು ನೆರವಾಗಬೇಕು. 16ರಿಂದ 59 ವರ್ಷದವರು ಇದಕ್ಕೆ ಅರ್ಹರು.

ಕೆಲಸಕ್ಕೆ ಜನ ಸಿಗುವುದಿಲ್ಲವೆಂಬ ದೂರು ಪ್ರತಿ ಸಭೆಯಲ್ಲಿಯೂ ಕೇಳಿಬರುತ್ತದೆ. ಕೊನೆಗೌಡನ ಮಗ ಇಂದು ಮರ ಹತ್ತಲು ಒಲ್ಲೆನೆಂದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಬಿದ್ದರೆ ಯಾರು ನೋಡುತ್ತಾರೆಂಬ ಭಯ ಕಾರಣ. ಕೂಲಿ ಬರೆದಿಡುವ ತೋಟ, ವಿಮೆ ಇರುವ ತೋಟ, ಮಳೆ ಬಿಡದ ದಿನ ಹತ್ತಿಸದ ತೋಟ ಎಂಬ ಹೆಸರು ಬಂದರೆ ಆಳು ಮೊದಲು ಆ ತೋಟಕ್ಕೆ ಬರುತ್ತಾನೆ. ಕಾನೂನನ್ನು ಪಾಲಿಸುವುದರಲ್ಲಿ ನಮ್ಮ ಹಿತವೂ ಇದೆ ಎಂಬುದನ್ನು ಸದಸ್ಯರು ಮನಗಾಣಬೇಕೆಂದು ಕೋರುತ್ತೇವೆ. ಈ ಮುಂಗಾರಿನ ಮೊದಲ ಮದ್ದಿಗೆ ಮುನ್ನ ಪುಸ್ತಕವನ್ನೂ ಪಾಲಿಸಿಯನ್ನೂ ಸಿದ್ಧಮಾಡಿಕೊಳ್ಳಿರಿ. ಸಂದೇಹವಿದ್ದವರು ಕಛೇರಿಯ ಸಮಯದಲ್ಲಿ ಬಂದು ವಿಚಾರಿಸಬಹುದು.

— ಕಾರ್ಯದರ್ಶಿ